ಲಕ್ಷ್ಮಿ ಕ್ಯಾಲೆಂಡರೂ ಸಾಹೇಬರ ಜೀಪೂ

ಸಮುದ್ರದ ವಿಷಯದಲ್ಲಿ ನನಗೆ ಯಾರೂ ಏನೂ ಕಲಿಸಬೇಕಾಗಿಲ್ಲ ಎಂಬ ದೃಢವಾದ ನಂಬಿಕೆ ನನಗೆ ಬಹಳ ಕಾಲ ಇತ್ತು. ನಾನು ಉಡುಪಿ ಕಡೆಯವನು. ಮುಂಬಯಿಯಲ್ಲಿ ಉಡುಪಿ ಕಡೆಯವನೆಂದರೆ ಒಂದೋ ಅವನದು ಹೋಟೆಲು, ಇಲ್ಲವೋ ಅವನು ಸಮುದ್ರದ ದಡದಲ್ಲಿ ಹುಟ್ಟಿದವನು. ನನ್ನದು ಹೋಟೆಲಲ್ಲ. ಆದ್ದರಿಂದ ನಾನು ಸಮುದ್ರದವನೇ ಎಂದು ನಮ್ಮ ಕಾರ್ಖಾನೆಯ ಸಬನೀಸ ಸಾಹೇಬರು ತೀರ್ಮಾನಿಸಿಬಿಟ್ಟರು. ನಿಜವಾಗಿ ನಮ್ಮ ಮನೆ ಇದ್ದದ್ದು ಘಟ್ಟದ ಬುಡದಲ್ಲಿ. ಸಮುದ್ರ ನೋಡಬೇಕಾದರೆ ಎರಡು ಬಸ್ಸು ಬದಲಿಸಬೇಕಿತ್ತು. ಈ ಸಣ್ಣ ವಿವರವನ್ನು ನಾನು ಸಾಹೇಬರಿಗೆ ಹೇಳಲಿಲ್ಲ. ಮೇಲಧಿಕಾರಿಗಳ ಜೊತೆ ವಾದ ಮಾಡುವುದು ನನ್ನ ಸ್ವಭಾವವಲ್ಲ!

ಅದರಲ್ಲೂ ಆ ಸಮಯದಲ್ಲಿ ವಾದ ಮಾಡುವಂತೆಯೇ ಇರಲಿಲ್ಲ. ಎಪ್ಪತ್ತೆರಡೋ ಎಪ್ಪತ್ಮೂರೋ ಇರಬೇಕು. ನಾವಿದ್ದದ್ದು ಜೋಗೇಶ್ವರಿಯ ಒಂದು ಚಾಳಿನಲ್ಲಿ, ಒಂದೇ ಕೋಣೆ. ಕಾರ್ಖಾನೆ ಚೆಂಬೂರಿನಾಚೆ. ದಿನಾ ದಾದರಿನಲ್ಲಿ ಲೋಕಲ್ ಬದಲಿಸಿ, ಕುರ್ಲಾದಲ್ಲಿ ಮತ್ತೆ ಬದಲಿಸಿ ಕೆಲಸಕ್ಕೆ ತಲುಪುವಷ್ಟರಲ್ಲಿ ನನ್ನ ಇಸ್ತ್ರಿ ಮಾಡಿದ ಶರ್ಟು ಒರೆಸುವ ಬಟ್ಟೆಯಾಗಿರುತ್ತಿತ್ತು. ನನ್ನ ಕಷ್ಟ ಹೇಗಾದರೂ ಇರಲಿ, ನನ್ನ ಹೆಂಡತಿ ವಾರಿಜಳ ಕಷ್ಟ ನಲ್ಲಿಯದು. ಇಡೀ ಚಾಳಿಗೆ ಒಂದು ನಲ್ಲಿ. ಬೆಳಕು ಹರಿಯುವ ಮೊದಲೇ ಬಕೆಟ್ಟುಗಳ ಸಾಲು, ಆ ಸಾಲಿನಲ್ಲಿ ಐದು ಭಾಷೆಗಳ ಜಗಳ. ಮರಾಠಿ ಬಾರದ ವಾರಿಜ ಮರಾಠಿಯ ಬೈಗುಳಗಳನ್ನು ಮೊದಲು ಕಲಿತಳು, ವ್ಯಾಕರಣ ಆಮೇಲೆ ಬಂತು.

"ನನಗೆ ಬಂಗಾರ ಬೇಡ, ಸೀರೆ ಬೇಡ" ಎನ್ನುತ್ತಿದ್ದಳು. "ಮನೆಯೊಳಗೆ ಒಂದು ನಲ್ಲಿ ಇದ್ರೆ ಸಾಕು. ಕೇಳಿತಾ? ಒಂದೇ ಒಂದು ನಲ್ಲಿ."

ಒಳಗೆ ನಲ್ಲಿಯಿದ್ದ ಮನೆಗಳು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದವು. ಕ್ವಾರ್ಟರ್ಸು ಯಾರಿಗೆ ಕೊಡಬೇಕೆನ್ನುವುದು ಸಬನೀಸ ಸಾಹೇಬರ ಕೈಯಲ್ಲಿತ್ತು. ಸಾಹೇಬರ ಕೈಯಾದರೋ ಸದಾ ಒಂದು ಜೀಪಿನ ಸ್ಟಿಯರಿಂಗಿನ ಮೇಲಿತ್ತು.

ಅದು ಮಿಲಿಟರಿಯವರು ಹರಾಜಿನಲ್ಲಿ ಮಾರಿದ ಹಳೆ ಜೀಪು. ಸಾಹೇಬರು ಅದಕ್ಕೆ ಸ್ವತಃ ಹಸಿರು ಬಣ್ಣ ಬಳಿದಿದ್ದರು. ಅಂಥದೇ ಜೀಪುಗಳಿದ್ದ ಇನ್ನಿಬ್ಬರು ಆಫೀಸರುಗಳನ್ನು ಕೂಡಿಸಿಕೊಂಡು, ಭಾನುವಾರ ಬಂತೆಂದರೆ ರಸ್ತೆಯಿಲ್ಲದ ಕಡೆ ಗಾಡಿ ಓಡಿಸುವುದು ಅವರ ಹವ್ಯಾಸ. ಸರ್ಕಾರ ಅಷ್ಟು ಕಷ್ಟಪಟ್ಟು ಹಾಕಿದ ರಸ್ತೆಗಳನ್ನು ಬಿಟ್ಟು ಕಲ್ಲಿನ ಮೇಲೆ ಯಾಕೆ ಹೋಗಬೇಕೆಂದು ನಾನು ಕೇಳಲಿಲ್ಲ. ಮೊದಲೇ ಹೇಳಿದೆನಲ್ಲ, ನನ್ನ ಸ್ವಭಾವ ಅಂಥದ್ದು.

ಒಂದು ಶುಕ್ರವಾರ ಸಾಹೇಬರು ನನ್ನನ್ನು ಕ್ಯಾಬಿನ್ನಿಗೆ ಕರೆದರು.

"ರಾವ್, ಸಂಡೇ ಕೋ ಮಿಸೆಸ್ ಕೋ ಲೇಕೇ ಆವೋ. ಸವೇರೆ ಪಹಾಡ್, ದೋಪಹರ್ ಕೋ ರೇಗಿಸ್ತಾನ್!"

ಮುಂಬಯಿಯಲ್ಲಿ ಮರುಭೂಮಿ ಎಲ್ಲಿಂದ ಬಂತೆಂದು ನಾನು ತಬ್ಬಿಬ್ಬಾದೆ. ಭಾಯಂದರ್ ದಾಟಿ ಉತ್ತನ್ ಕಡೆ ಹೋದರೆ ಸಮುದ್ರದ ದಂಡೆಯಲ್ಲಿ ಮೈಲಿಗಟ್ಟಲೆ ಮರಳು. ಅದೇ ಅವರ ಮರುಭೂಮಿಯಂತೆ.

"ತುಮ್ ತೋ ಸಮುಂದರ್ ಕೇ ಆದ್ಮಿ ಹೋ. ಪಾನಿ ಕಬ್ ಆಯೇಗಾ, ಕಬ್ ಜಾಯೇಗಾ, ವೋ ಸಬ್ ತುಮ್ ದೇಖೋ."

ನೀರು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ನೋಡುವ ಹೊಣೆ ನನ್ನದಾಯಿತು. "ಜೀ ಸಾಬ್!" ಎಂದೆ. ಹೊರಗೆ ಬಂದಾಗ ನನ್ನ ಎದೆ ಎರಡು ಇಂಚು ಅಗಲವಾಗಿತ್ತು. ಕ್ವಾರ್ಟರ್ಸಿನ ಕೀಲಿಕೈ ಆಗಲೇ ಜೇಬಿನಲ್ಲಿ ಗಲಗಲ ಅಂದಂತಾಯಿತು.

ಉಬ್ಬರ ಇಳಿತದ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಸೋದರಮಾವ ಹೇಳಿದ ಒಂದೇ ಸೂತ್ರ. ಹುಣ್ಣಿಮೆ, ಅಮಾವಾಸ್ಯೆಗೆ ನಡುಹಗಲು ನೀರು ತುಂಬಿರುತ್ತದೆ; ಅಷ್ಟಮಿಗೆ ನಡುಹಗಲು ಇಳಿದಿರುತ್ತದೆ. ಅಂದರೆ ತಿಥಿ ಗೊತ್ತಾದರೆ ಸಮುದ್ರ ನಮ್ಮ ಅಂಗೈಯಲ್ಲಿ. ಮನೆಗೆ ಬಂದವನೇ ಗೋಡೆಯ ಮೇಲಿನ ಕ್ಯಾಲೆಂಡರಿನ ಮುಂದೆ ನಿಂತೆ. ಸ್ಟೇಷನ್ ಪಕ್ಕದ ನಮ್ಮೂರಿನವರ ಹೋಟೆಲು ಕೊಟ್ಟ ಕ್ಯಾಲೆಂಡರು, ಕಮಲದ ಮೇಲೆ ಕೂತ ಲಕ್ಷ್ಮಿಯ ಚಿತ್ರ. ಭಕ್ತಿಯಿಂದ ಕೈಮುಗಿದೆ. ನೋಡಿದರೆ ಅದು ಡಿಸೆಂಬರ್ ಪುಟದಲ್ಲೇ ನಿಂತಿದೆ! ನಡೆಯುತ್ತಿರುವುದು ಫೆಬ್ರವರಿ. ಈ ಹೆಂಗಸರಿಗೆ ಕಾಲದ ಪರಿವೆಯೇ ಇಲ್ಲ ಎಂದು ಗೊಣಗುತ್ತಾ ನಾನೇ ಹಾಳೆಗಳನ್ನು ತಿರುವಿ ಫೆಬ್ರವರಿಗೆ ತಂದೆ. ನಮ್ಮ ತಾರೀಕಿನ ಮೇಲೆ ಬೆರಳಿಟ್ಟೆ. ಅಷ್ಟಮಿ!

ಇದಕ್ಕಿಂತ ಒಳ್ಳೆಯ ಶಕುನ ಬೇಕೇ? ಮಧ್ಯಾಹ್ನ ನೀರು ಇಳಿದಿರುತ್ತದೆ, ಸಂಜೆಯವರೆಗೆ ಭಯವಿಲ್ಲ ಎಂದು ಮರುದಿನ ಸಾಹೇಬರಿಗೆ ಗಂಭೀರವಾಗಿ ವರದಿ ಒಪ್ಪಿಸಿದೆ. "ಸಾಬ್, ದೋಪಹರ್ ಕೋ ಪಾನಿ ಏಕ್‌ದಮ್ ನೀಚೆ. ಶಾಮ್ ತಕ್ ಆರಾಮ್ ಸೇ ಬೈಠೋ."

ಭಾನುವಾರ ಬೆಳಿಗ್ಗೆ ವಾರಿಜ ಇಡ್ಲಿಯ ಪಾತ್ರೆ, ಗೋಳಿಬಜೆಯ ಡಬ್ಬ ಹಿಡಿದು ಹೊರಟಳು. ಪಕ್ಕದ ಖೋಲಿಯ ಬಿಜಾಪುರದ ಶಿವಪ್ಪ ಹಲ್ಲುಜ್ಜುತ್ತಾ ನಿಂತಿದ್ದ.

"ಏನ್ರೀ ರಾವ್ ಸಾಹೇಬ್ರ, ಜೋಡೀಲೆ ಹೊಂಟೀರಿ? ಎಲ್ಲಿಗ್ರೀ?"

"ಬೆಟ್ಟ, ಮರುಭೂಮಿ" ಎಂದೆ.

"ಹುಷಾರ್ರೀಪಾ. ಮರಳಿನ್ಯಾಗ ನೀರು ಸಿಗೂದಿಲ್ಲ ಮತ್ತ!"

ಹೈವೇ ಮೂಲೆಯಲ್ಲಿ ಮೂರು ಜೀಪುಗಳೂ ಸಾಲಾಗಿ ನಿಂತಿದ್ದವು. ಮೊದಲನೆಯದರಲ್ಲಿ ಸಾಹೇಬರ ಪಕ್ಕ ನಾನು. ಹಿಂದೆ ಸಾಹೇಬರ ಪತ್ನಿ, ವಾರಿಜ ಮತ್ತು ಇಡ್ಲಿ. ಘೋಡ್‌ಬಂದರಿನ ಬೆಟ್ಟದ ದಾರಿ ಹಿಡಿದ ಕೂಡಲೇ ನನಗೆ ಗೊತ್ತಾದದ್ದೇನೆಂದರೆ, ಅದು ದಾರಿಯಲ್ಲ. ಎಮ್ಮೆಗಳೂ ಯೋಚಿಸಿ ಕಾಲಿಡುವ ಜಾಗ. ಜೀಪು ಒಮ್ಮೆ ಬಲಕ್ಕೆ ವಾಲಿದರೆ ನಾನು ಸಾಹೇಬರ ತೊಡೆಯ ಮೇಲೆ, ಎಡಕ್ಕೆ ವಾಲಿದರೆ ಸಾಹೇಬರು ನನ್ನ ಮೇಲೆ. ಹಿಂದಿನಿಂದ ವಾರಿಜಳ ದನಿ: "ಚಟ್ನಿ ಹೋಯ್ತು!"

ಒಂದು ತಿರುವಿನಲ್ಲಿ ಜೀಪನ್ನು ಹಿಂದಕ್ಕೆ ತೆಗೆಯಬೇಕಾಯಿತು. ಸಾಹೇಬರು ನನ್ನನ್ನು ಇಳಿದು ದಾರಿ ನೋಡಲು ಹೇಳಿದರು. ಡ್ರೈವಿಂಗ್ ಬರದ ಮುಂಬಯಿಕರನಿಗೂ ಒಂದು ಕೆಲಸ ಮಾತ್ರ ಹುಟ್ಟುತ್ತಲೇ ಬರುತ್ತದೆ. ನಾನು ಹಿಂದೆ ನಿಂತು ಕೈ ಬೀಸುತ್ತಾ "ಆನೇ ದೋ, ಆನೇ ದೋ" ಎಂದೆ. ಜೀಪು ಬಂತು. ಮತ್ತೆ "ಆನೇ ದೋ" ಎಂದೆ. ಮತ್ತೆ ಬಂತು. ಆಮೇಲೆ 'ಧಡ್' ಎಂದು ಬಂಡೆಗೆ ಗುದ್ದಿತು. ಸೈಲೆನ್ಸರ್ ನೆಲಕ್ಕೆ ಬಿತ್ತು.

"ರಾವ್! ಬಸ್ ನಹೀ ಬೋಲ್ನೇಕಾ?" ಸಾಹೇಬರು ಕಿರುಚಿದರು.

ಏನು ಹೇಳಲಿ? ಬರಲಿ, ಬರಲಿ ಎಂದು 'ಆನೇ ದೋ' ಹೇಳುವ ಖುಷಿಯಲ್ಲಿ, ಸಾಕು ಎನ್ನುವ 'ಬಸ್' ಶಬ್ದವೇ ಮರೆತುಹೋಗಿತ್ತು. ಅಲ್ಲಿಂದ ಮುಂದೆ ಆ ಜೀಪು ಗುಡುಗುತ್ತಾ ಹೋಯಿತು. ವಾರಿಜ ನನ್ನ ಬೆನ್ನಿಗೆ ಚುಚ್ಚಿ ಕಿವಿಯಲ್ಲಿ "ಬಾಯಿ ಮುಚ್ಚಿ ಕೂತ್ಕೊಳ್ಳಿ, ನಲ್ಲಿ ನೆನಪುಂಟಲ್ಲ?" ಎಂದಳು. ಬಾಯಿ ತೆರೆದದ್ದಕ್ಕಲ್ಲ, ಮುಚ್ಚಿದ್ದಕ್ಕೆ ಆದ ಅನಾಹುತ ಅದು ಎಂದು ವಿವರಿಸಲು ಹೊರಟೆ; ಗುಡುಗಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ಉತ್ತನ್ ದಂಡೆ ತಲುಪಿದಾಗ ಮಾತ್ರ ಸಾಹೇಬರ ಮುಖ ಅರಳಿತು. ಕಣ್ಣು ಹಾಯಿಸಿದಷ್ಟೂ ಮರಳು. ಮೂರೂ ಜೀಪುಗಳು ಚಿಕ್ಕ ಮಕ್ಕಳ ಹಾಗೆ ಅತ್ತಿಂದಿತ್ತ ಓಡಾಡಿದವು. ಒಣ ಮರಳಿನಲ್ಲಿ ಚಕ್ರ ಹೂಳುತ್ತದೆ, ನೀರಿನ ಕಡೆಯ ಒದ್ದೆ ಮರಳು ಗಟ್ಟಿ ಎಂದು ನಾನು ಸಲಹೆ ಕೊಟ್ಟೆ. ಅದು ನಿಜವೇ ಆಗಿತ್ತು! ಸಾಹೇಬರು ನನ್ನ ಬೆನ್ನು ತಟ್ಟಿ, "ವಾಹ್ ರಾವ್! ತುಮ್ಹಾರಾ ಕ್ವಾರ್ಟರ್ ಕಾ ಭೀ ಕುಛ್ ಕರತೇ ಹೈಂ" ಎಂದರು. ವಾರಿಜಳ ಕಣ್ಣಲ್ಲಿ ನೀರು ಬಂತು. ನಲ್ಲಿಯ ನೀರು ಇನ್ನೇನು ಬರುವುದರಲ್ಲಿತ್ತು.

ಊಟಕ್ಕೆ ಉಳಿದೆರಡು ಜೀಪಿನವರು ಮೇಲೆ ಗಾಳಿಮರದ ನೆರಳಿಗೆ ಹೋಗಿ ನಿಲ್ಲಿಸಿಕೊಂಡರು. ನಾನು ಬಿಡಬೇಕಲ್ಲ! ಗಾಳಿ ಚೆನ್ನಾಗಿದೆ, ಇಲ್ಲೇ ನಿಲ್ಲಿಸಿ ಎಂದು ಸಾಹೇಬರ ಜೀಪನ್ನು ನೀರಿನ ಬದಿಗೇ ನಿಲ್ಲುವಂತೆ ಮಾಡಿದೆ. ಜಮಖಾನ ಹಾಸಿದೆವು. ವಾರಿಜ ಇಡ್ಲಿ ಬಡಿಸಿದಳು. ಅವಳು ಹುಟ್ಟಿದ್ದು ಮಾತ್ರ ನಿಜವಾಗಿ ಸಮುದ್ರದ ದಡದಲ್ಲಿ.

"ನೀರು ಹತ್ತಿರ ಬಂದ ಹಾಗೆ ಕಾಣ್ತದೆ" ಎಂದಳು.

"ಅದು ಅಲೆ. ಬರುತ್ತದೆ, ಹೋಗುತ್ತದೆ" ಎಂದು ನಾನು ಅವಳಿಗೆ ಸಮುದ್ರವನ್ನು ಪರಿಚಯ ಮಾಡಿಕೊಟ್ಟೆ.

ಸಾಹೇಬರು ಇಡ್ಲಿಯ ತಟ್ಟೆಯನ್ನು ವಿನಯದಿಂದ ದೂರ ಸರಿಸಿದರು. "ನಕೋ ವಹಿನಿ. ಆಜ್ ಸಂಕಷ್ಟಿ ಆಹೇ. ಚಂದ್ರ ದಿಸೇಪರ್ಯಂತ ಕಾಹೀ ನಾಹೀ."

ಚಂದ್ರ ಕಾಣುವವರೆಗೆ ಉಪವಾಸ! ಅವರ ನಿಷ್ಠೆಯನ್ನು ನಾನು ಮನಸಾರೆ ಮೆಚ್ಚಿಕೊಂಡು, ಇಡ್ಲಿ ಹಾಳಾಗಬಾರದೆಂದು ಅವರ ಪಾಲನ್ನೂ ತಿಂದೆ. ವಾರಿಜಳ ಕೈ ಅರ್ಧದಲ್ಲೇ ನಿಂತಿತು.

"ಸಂಕಷ್ಟಿ ಅಂದ್ರೆ ಹುಣ್ಣಿಮೆ ಕಳೆದ ಚೌತಿ ಅಲ್ವಾ?"

"ಹೌದು."

"ಚೌತಿಗೆ ಈ ಹೊತ್ತಿಗೆ ನೀರು ಏರ್ತಾ ಇರ್ತದೆ. ಮತ್ತೆ ನಿಮ್ಮ ಅಷ್ಟಮಿ ಎಲ್ಲಿಂದ ಬಂತು?"

"ಲಕ್ಷ್ಮಿ ಕ್ಯಾಲೆಂಡರಿನಿಂದ."

"ಅಯ್ಯೋ ಮಾರಾಯ್ರೆ! ಅದು ಹೋದ ವರ್ಷದ್ದು!"

"ಹೋದ ವರ್ಷದ್ದನ್ನು ಗೋಡೆಯಲ್ಲಿ ಯಾಕೆ ಇಟ್ಟಿದ್ದೀ?"

"ದೇವರ ಪಟವನ್ನು ಕಸಕ್ಕೆ ಹಾಕ್ಲಿಕ್ಕೆ ಆಗ್ತದಾ? ಈ ವರ್ಷದ್ದು ಬಾಗಿಲ ಹಿಂದೆ ಉಂಟಲ್ಲ, ತಾಜಮಹಲಿನದ್ದು!"

ನಾನು ಆ ಕ್ಷಣದಲ್ಲಿ ತಾಜಮಹಲ್ ಕಟ್ಟಿದವನಿಂದ ಹಿಡಿದು ಕ್ಯಾಲೆಂಡರ್ ಹಂಚಿದ ಹೋಟೆಲಿನವರೆಗೆ ಎಲ್ಲರನ್ನೂ ಶಪಿಸಿದೆ. ಪ್ರಯೋಜನವೇನು? ಅಷ್ಟರಲ್ಲಿ ಜಮಖಾನ ತಣ್ಣಗಾಯಿತು. ಸಾಹೇಬರ ಚಪ್ಪಲಿಗಳು ಎದ್ದು, ಒಂದರ ಹಿಂದೆ ಒಂದು, ಅರಬೀ ಸಮುದ್ರದ ಕಡೆ ಹೊರಟವು.

"ರಾವ್! ಯೇ ಕ್ಯಾ ಹೈ?"

"ಪಾನಿ ಹೈ ಸಾಬ್" ಎಂದೆ. ಒದ್ದೆ ಮರಳಿನ ವಿಷಯ ಬಿಟ್ಟರೆ, ಅದೊಂದೇ ಆ ದಿನ ನಾನು ತಪ್ಪಿಲ್ಲದೆ ಹೇಳಿದ ಮಾತು.

ಸಾಹೇಬರು ಹಾರಿ ಜೀಪು ಹತ್ತಿದರು. ಚಕ್ರ ತಿರುಗಿತು, ಜೀಪು ಮುಂದೆ ಹೋಗುವ ಬದಲು ಕೆಳಗೆ ಹೋಯಿತು. ಚಕ್ರದಡಿಗೆ ಏನಾದರೂ ಕೊಟ್ಟರೆ ಮೇಲೆ ಬರುತ್ತದೆ ಎಂದು ನಾನು ಜಮಖಾನ ಕೊಟ್ಟೆ. ನುಂಗಿತು. ಸಾಹೇಬರ ಕೋಟು ಕೊಟ್ಟೆ. ಅದನ್ನೂ ನುಂಗಿತು. ಗಾಳಿಮರದಡಿಯಿಂದ ಓಡಿಬಂದವರೆಲ್ಲ ಸೇರಿ ತಳ್ಳಿದೆವು. ಚಕ್ರದಿಂದ ಎದ್ದ ಒದ್ದೆ ಮರಳೆಲ್ಲ ನೇರವಾಗಿ ಸಾಹೇಬರ ಪತ್ನಿಯ ರೇಷ್ಮೆ ಸೀರೆಗೆ ಬಿತ್ತು. ನೀರು ಜೀಪಿನ ಸೀಟಿನವರೆಗೆ ಬಂದಾಗ ಸಾಹೇಬರು ಸ್ಟಿಯರಿಂಗ್ ಹಿಡಿದುಕೊಂಡೇ ಗಣಪತಿಯನ್ನು ನೆನೆಯತೊಡಗಿದರು. ಹಡಗು ಮುಳುಗಿದರೂ ಕಪ್ತಾನ ಇಳಿಯುವುದಿಲ್ಲವಂತೆ. ಜೀಪಿಗೂ ಆ ನಿಯಮವಿದೆಯೆಂದು ನನಗೆ ಅಂದೇ ತಿಳಿದದ್ದು.

ಕೊನೆಗೆ ಊರಿನ ಮೀನುಗಾರರು ದೋಣಿ ಎಳೆಯುವ ಹಗ್ಗ ತಂದು, ಒಂದೇ ದನಿಯಲ್ಲಿ ಕೂಗು ಹಾಕುತ್ತಾ ಜೀಪನ್ನು ದಡಕ್ಕೆ ಎಳೆದರು. ಅವರಲ್ಲಿ ಒಬ್ಬ ಮುದುಕ ಸೊಂಟಕ್ಕೆ ಕೈಯಿಟ್ಟು, ಇಲ್ಲಿ ಗಾಡಿ ನಿಲ್ಲಿಸಲು ಹೇಳಿದ ಮಹಾನುಭಾವ ಯಾರು ಎಂದು ಮರಾಠಿಯಲ್ಲಿ ಕೇಳಿದ. ಎಲ್ಲರ ಬೆರಳೂ ನನ್ನ ಕಡೆ ತಿರುಗಿತು. ಎಣಿಸಿಕೊಂಡೆ, ಅದರಲ್ಲಿ ಬಳೆ ತೊಟ್ಟ ಒಂದು ಪರಿಚಯದ ಕೈಯೂ ಇತ್ತು.

ಎಂಜಿನ್ನಿಗೆ ಉಪ್ಪುನೀರು ನುಗ್ಗಿ ಜೀಪು ಮೌನವ್ರತ ಹಿಡಿಯಿತು. ಇನ್ನೊಂದು ಜೀಪಿಗೆ ಹಗ್ಗ ಕಟ್ಟಿ, ಎಳೆಸಿಕೊಂಡು ಹೊರಟೆವು. ಭಾಯಂದರ್ ಹತ್ತಿರ ಬರುವಾಗ ಚಂದ್ರ ಮೂಡಿದ. ಸಾಹೇಬರು ಕೈಮುಗಿದು, ಬೆಳಗಿನಿಂದ ಮೊದಲ ಬಾರಿಗೆ ಸಣ್ಣ ದನಿಯಲ್ಲಿ ತಿನ್ನಲು ಏನಾದರೂ ಇದೆಯೇ ಎಂದರು. ಅವರ ಇಡ್ಲಿ ನನ್ನ ಹೊಟ್ಟೆಯಲ್ಲಿತ್ತು. ವಾರಿಜ ಡಬ್ಬದ ತಳ ಕೆರೆದು, ಉಳಿದಿದ್ದ ಒಂದೇ ಒಂದು ಗೋಳಿಬಜೆ ಕೊಟ್ಟಳು. ಅದೂ ಸಮುದ್ರಸ್ನಾನ ಮಾಡಿಕೊಂಡು ಬಂದದ್ದು.

ಸಾಹೇಬರು ನಿಧಾನವಾಗಿ ಅಗಿದರು. "ನಮಕ್ ಜ್ಯಾದಾ ಹೈ" ಎಂದರು.

ಆಮೇಲಿನ ದಿನಗಳಲ್ಲಿ ನಾನು ಕಾರ್ಖಾನೆಯಲ್ಲಿ ಸಾಹೇಬರನ್ನು ಕಂಡರೆ ಕಂಬದ ಹಿಂದೆ ನಿಲ್ಲುತ್ತಿದ್ದೆ. ವಾರಿಜ ಚಾಳಿನ ನಲ್ಲಿಯ ಮುಂದೆ ಬಕೆಟ್ಟನ್ನು ಅಗತ್ಯಕ್ಕಿಂತ ಜೋರಾಗಿ ಇಡುತ್ತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಅದು ನನಗೆ ನಿಜಕ್ಕೂ ಬೇಸರ ತಂದಿತು. ಅವಳು ಬಯಸಿದ್ದು ಒಂದು ನಲ್ಲಿ, ನಾನು ತೋರಿಸಿದ್ದು ಇಡೀ ಸಮುದ್ರ.

ಆದರೆ ತಿಂಗಳು ಕಳೆಯುವುದರೊಳಗೆ ಸಾಹೇಬರ ಪ್ಯೂನ್ ಬಂದು ಕರೆದ. ಕೆಲಸ ಹೋಯಿತೆಂದೇ ಭಾವಿಸಿ ಒಳಗೆ ಹೋದೆ. ಸಾಹೇಬರು ನಗುತ್ತಿದ್ದರು! ಮೇಜಿನ ಮೇಲೆ ಒಂದು ಕೀಲಿಕೈ ಇಟ್ಟರು.

"ರಾವ್, ಚೌಥಾ ಮಾಲಾ. ತುಮ್ಹಾರೇ ಲಿಯೇ ಮೈಂನೇ ಖುದ್ ಚುನಾ."

ನಾಲ್ಕನೇ ಮಹಡಿ, ಅದೂ ನನಗಾಗಿ ಸಾಹೇಬರೇ ಖುದ್ದಾಗಿ ಆರಿಸಿದ್ದು! ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ವಾರಿಜ ಚಾಳಿಗೆಲ್ಲ ಪೇಡೆ ಹಂಚಿದಳು. ಶಿವಪ್ಪ ಟೆಂಪೋಗೆ ಸಾಮಾನು ಹೇರಿಸಿ, "ನಿಮ್ಮ ನಸೀಬಾ ಚಲೋ ಐತ್ರೀ!" ಎಂದ. ನಾಲ್ಕನೇ ಮಹಡಿ ಹತ್ತಿ ಬಾಗಿಲು ತೆಗೆದೆವು. ಅಡಿಗೆಮನೆಯಲ್ಲಿ ಹೊಳೆಹೊಳೆಯುವ ನಲ್ಲಿ! ವಾರಿಜ ಅದಕ್ಕೆ ಕುಂಕುಮ ಹಚ್ಚಿ, ದೇವರನ್ನು ನೆನೆದು ತಿರುಗಿಸಿದಳು.

'ಸುಸ್ಸ್' ಎಂದು ಗಾಳಿ ಬಂತು. ಅಷ್ಟೇ.

ಆಗ ಎದುರು ಮನೆಯವರು ಬಂದು ಹೇಳಿದರು, ಈ ಕಟ್ಟಡದಲ್ಲಿ ನೀರು ಎರಡನೇ ಮಹಡಿಯಿಂದ ಮೇಲೆ ಏರುವುದಿಲ್ಲವಂತೆ. ಅದಕ್ಕೇ ಆ ಮನೆಯನ್ನು ಯಾರೂ ತೆಗೆದುಕೊಂಡಿರಲಿಲ್ಲವಂತೆ. ಮರುದಿನ ಕ್ಯಾಬಿನ್ನಿನಲ್ಲಿ ತಲೆ ಕೆರೆಯುತ್ತಾ ನಿಂತಾಗ ಸಾಹೇಬರು ಬಹಳ ಪ್ರೀತಿಯಿಂದ ಹೇಳಿದರು, "ರಾವ್, ತುಮ್ಹಾರೇ ಜೈಸೇ ಆದ್ಮಿ ಕೇ ಲಿಯೇ ಜಹಾಂ ಪಾನಿ ನಹೀ ಚಢ್ತಾ, ವಹೀ ಜಗಾ ಸೇಫ್ ಹೈ." ನೀರು ಏರದ ಜಾಗವೇ ನನ್ನಂಥವನಿಗೆ ಕ್ಷೇಮವಂತೆ!

ಲಕ್ಷ್ಮಿ ಕ್ಯಾಲೆಂಡರು ಹೊಸ ಮನೆಯ ಗೋಡೆಯಲ್ಲೂ ಮೊದಲ ಸ್ಥಾನ ಪಡೆದಿದೆ. ನಾನು ಅದಕ್ಕೆ ಕೈಮುಗಿಯುತ್ತೇನೆ, ತಾರೀಕು ನೋಡುವುದಿಲ್ಲ. ದಿನಾ ಬೆಳಿಗ್ಗೆ ಎರಡು ಬಕೆಟ್ ಹಿಡಿದು ಕೆಳಗೆ ಹೋಗುತ್ತೇನೆ, ತುಂಬಿಸಿಕೊಂಡು ನಾಲ್ಕು ಮಹಡಿ ಹತ್ತುತ್ತೇನೆ. ಮೆಟ್ಟಿಲಲ್ಲಿ ಸಿಕ್ಕವರೆಲ್ಲ "ಕ್ಯೋಂ ರಾವ್ ಸಾಬ್, ಪಾನಿ ಕಬ್ ಆಯೇಗಾ?" ಎಂದು ಕೇಳಿ ನಗುತ್ತಾರೆ. ಏನು ಮಾಡಲಿ, ಈಗ ನಮ್ಮ ಮನೆಯ ಉಬ್ಬರವೂ ನಾನೇ, ಇಳಿತವೂ ನಾನೇ. ಹೊತ್ತು ಮಾತ್ರ ವಾರಿಜ ಹೇಳುತ್ತಾಳೆ.