ಗಂಜಲದ ಗ್ಲೋರಿಯಾ

ಹುಸ್ಸ್… ಕೊಂಯ್! ಹುಸ್ಸ್… ಕೊಂಯ್! ಮಲೆನಾಡಿನ ಹೆಗ್ಗದ್ದೆ ಕಡೆಯ ನಮ್ಮ ಪುಟ್ಟ ಚಾಪೆಲ್ಲಿನಲ್ಲಿ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಹೀಗೆ ಗೂರಲು ರೋಗಿಯಂತೆ ಏದುತ್ತಿದ್ದುದು ಈ ವಯಸ್ಸಿನಲ್ಲೂ ನನ್ನ ಕಿವಿಯಲ್ಲಿದೆ. ಅದರ ತಿದಿಯ ಚರ್ಮವನ್ನು ಇಲಿಗಳು ತಿಂದಿದ್ದವು. ಆ ತೂತು ಮುಚ್ಚಲು ಹೋಗಿ ದೇವರ ಮನೆಗೇ ದನದ ಗಂಜಲ ತಂದ ಏಕೈಕ ವಿಜ್ಞಾನಿ ನನ್ನ ಚಿಕ್ಕಪ್ಪ. ಇಂಥ ಡಿಸ್ಟಿಂಕ್ಷನ್ ನಿಮ್ಮ ಫ್ಯಾಮಿಲಿಯಲ್ಲಿ ಯಾರಿಗಾದರೂ ಇದೆಯೆ?

ಹತ್ತೊಂಬತ್ತನೇ ಶತಮಾನ ಮುಗಿಯುತ್ತಿದ್ದ ಕಾಲ. ಅಪ್ಪ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಚಿಕ್ಕಪ್ಪ, ರೈಟರ ಮನೆಯಲ್ಲಿ ಉಣ್ಣುವ ಜೆಂಟಲ್‌ಮನ್! ಎಸ್ಟೇಟಿನ ಬಿಳಿ ದೊರೆ ಬಿಸಾಡಿದ ಯಾವುದೋ ಇಂಗ್ಲಿಷ್ ಮ್ಯಾಗಜೀನಿನಲ್ಲಿ ಅವನು ಓದಿಬಿಟ್ಟ: ಕಾಗದವನ್ನು ಗಂಧಕಾಮ್ಲದಲ್ಲಿ ಕ್ಷಣಹೊತ್ತು ಅದ್ದಿ ತೆಗೆದರೆ, ಅದರ ನಾರು ತನ್ನ ಮೈಯನ್ನೇ ತುಸು ಕರಗಿಸಿಕೊಂಡು ತನಗೆ ತಾನೇ ಅಂಟಾಗುತ್ತದಂತೆ, ಕಾಗದ ಚರ್ಮದಷ್ಟು ಗಟ್ಟಿಯಾಗುತ್ತದಂತೆ. ಸರಿ, ಮೊದಲು ಕಾಗದದ ಕೊಡೆ ತಯಾರಾಯಿತು. ಆಷಾಢದ ಮಳೆಯಲ್ಲಿ ಹಿಡಿದು ಹೊರಟವನು ಬರಿಯ ಹಿಡಿಕೆಯೊಂದಿಗೆ ಹಿಂತಿರುಗಿದ. ಆಮೇಲೆ ಕಾಗದದ ಚಪ್ಪಲಿ. ಅವು ಕಾಫಿ ಸ್ಟೋರಿನವರೆಗೂ ಬಾಳಲಿಲ್ಲ!

ಅಪ್ಪನ ಸಹನೆಯೂ ಹರಿಯಿತು. "ಬರೋ ಕ್ರಿಸ್ಮಸ್ಸಿನೊಳಗೆ ಒಂದಾದ್ರೂ ಉಪಯೋಗಕ್ಕೆ ಬರೋ ವಸ್ತು ಮಾಡು ಮಾರಾಯ. ಇಲ್ಲಾಂದ್ರೆ ಘಟ್ಟ ಇಳಿದು ಮಂಗಳೂರಿನ ಹೆಂಚಿನ ಕಾರ್ಖಾನೆ ಸೇರು."

ಚಿಕ್ಕಪ್ಪ ಹೋದರೆ ಆ ಮನೆಯಲ್ಲಿ ನಗುವವರು ಯಾರು? ಅವನು ಮಾತ್ರ, ಇಲಿ ತಿಂದ ಚರ್ಮದ ಜಾಗಕ್ಕೆ ತನ್ನ ಕಾಗದ ಹಾಕುತ್ತೇನೆಂದು ಹಾಯಾಗಿ ಹಾರ್ಮೋನಿಯಮ್ಮಿನ ತಿದಿ ಬಿಚ್ಚಿಕೊಂಡು ಬಂದ.

ಕಷ್ಟವಿದ್ದದ್ದು ಹೊತ್ತು ಅಳೆಯುವುದರಲ್ಲಿ. ಆಸಿಡ್ಡಿನ ಹತ್ತಿರ ಅಪ್ಪ ತನ್ನ ವಾಚು ಬಿಡುತ್ತಾನೆಯೆ? ಅದಕ್ಕೇ ಚಿಕ್ಕಪ್ಪನ ಲೆಕ್ಕ: ಅರ್ಧ 'ನಮೋ ಮರಿಯಾ' ಪ್ರಾರ್ಥನೆ ಹೇಳುವಷ್ಟು ಹೊತ್ತು ಅದ್ದಬೇಕು. ಹೇಳಲು ಅಜ್ಜಿಯನ್ನು ಕೂರಿಸಿದ. ಆದರೆ ಅಜ್ಜಿ ಅರ್ಧಕ್ಕೆ ನಿಲ್ಲಿಸಬೇಕಲ್ಲ! "ದೇವಮಾತೆಯನ್ನ ನಡುದಾರೀಲಿ ಬಿಟ್ಟು ಬರೋಕೆ ನಾನೇನು ನಿಮ್ಮ ಎಸ್ಟೇಟ್ ಲೈನಿನ ಕೂಲಿ ಆಳಾ?" ಎಂದು ಆಮೆನ್‌ವರೆಗೂ ಹೇಳಿ, ಶಿಲುಬೆ ಗುರುತು ಹಾಕಿಕೊಂಡು, ಆಮೇಲೆ ಕಣ್ಣು ತೆರೆಯುತ್ತಿದ್ದರು. ಅಷ್ಟರಲ್ಲಿ ಕಾಗದ ಅಂಬಲಿ!

ಕೊನೆಗೆ ಆ ಕೆಲಸ ನನ್ನ ಪಾಲಿಗೆ ಬಂತು. ಇಡೀ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದೆ. ದೇವಮಾತೆಗೂ ಅನ್ಯಾಯವಿಲ್ಲ, ಸೈನ್ಸಿಗೂ ಅನ್ಯಾಯವಿಲ್ಲ. ಕಾಗದ ಈರುಳ್ಳಿ ಸಿಪ್ಪೆಯಂತೆ ಹೊಳೆಯುತ್ತ, ಎಳೆದರೂ ಹರಿಯದಂತೆ ಹೊರಬಂತು. ಮುಂದೆ ಕಾನ್ವೆಂಟಿನಲ್ಲೂ ನಾನು ಅದೇ ವೇಗದಲ್ಲಿ ಪ್ರಾರ್ಥಿಸುವುದನ್ನು ಕಂಡ ಸಿಸ್ಟರುಗಳು, "ಮಗೂ, ಯಾವ ಟ್ರೈನ್ ಹಿಡೀಬೇಕು?" ಎಂದು ಕೇಳಿದಾಗ ಏನೆಂದು ಹೇಳಲಿ?

ಉಳಿದ ಆಮ್ಲವನ್ನು ಕೊಲ್ಲಲು ಅಮೋನಿಯಾದಲ್ಲಿ ತೊಳೆಯಬೇಕಿತ್ತು. ಹೆಗ್ಗದ್ದೆಯಲ್ಲಿ ಅಮೋನಿಯಾ ಎಲ್ಲಿಂದ ತರೋಣ? ಹಳೆಯ ಗಂಜಲದಲ್ಲಿ ಅದೇ ಇದೆಯೆಂದು ಚಿಕ್ಕಪ್ಪ ಗಡಿಗೆಗಟ್ಟಲೆ ತುಂಬಿಸಿದ. ಕೊಟ್ಟಿಗೆ ನೋಡಿಕೊಳ್ಳುವ ತಿಮ್ಮ ನನ್ನ ಹತ್ತಿರ ದೂರಿದ: "ಉಪ್ಪಿನಕಾಯಿ ಹಳೇದಾಗ್ಲಿ ಅಂತ ಮುಚ್ಚಿಡೋರ್ನ ಕಂಡಿದ್ದೆ ಕಣವ್ವ. ನಿಮ್ ಚಿಕ್ಕಪ್ಪಾರು ಗಂಜಲಾನೂ ಮುಚ್ಚಿಟ್ಬುಟ್ಟವ್ರೆ."

ಕ್ರಿಸ್ಮಸ್ ಬೆಳಗಿನ ಪೂಜೆ. ಚಿಕ್ಕಪ್ಪನೇ ಕೂತು ತುಳಿದ. ಎಲ್ಲೂ ಹುಸ್ಸ್ ಇಲ್ಲ, ಕೊಂಯ್ ಇಲ್ಲ! ಗ್ಲೋರಿಯಾ ಸ್ತುತಿಗೀತೆ ಮಾಡಿನ ಹೆಂಚಿಗೆ ತಾಗುವಂತೆ ಎದ್ದಿತು. ಅದರ ಜೊತೆಗೆ ಕೊಟ್ಟಿಗೆಯೂ ಎದ್ದಿತು. ತುಳಿದಷ್ಟೂ ಸ್ವರ, ತುಳಿದಷ್ಟೂ ವಾಸನೆ! ಮುಂದಿನ ಬೆಂಚಿನ ಲೇಡೀಸ್ ಮುಸುಕನ್ನು ಮೂಗಿಗೆಳೆದುಕೊಂಡರು. ಪಾದ್ರಿಗಳು ಲ್ಯಾಟಿನ್ನಿನ ಮಧ್ಯೆ ಸೀನಿದರು. ಚಿಕ್ಕಪ್ಪ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹೆಂಚಿನ ಕಾರ್ಖಾನೆಯಲ್ಲವೆ?

ಹೊರಗೆ ಬಂದದ್ದೇ ಅಪ್ಪ ಚಿಕ್ಕಪ್ಪನಿಗೆ, ಗಂಟು ಕಟ್ಟು ಎಂದ. ಅಜ್ಜಿ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಬಾಲಯೇಸು ಹುಟ್ಟಿದ್ದು ಗುಲಾಬಿ ತೋಟದಲ್ಲಾ? ಇಷ್ಟು ವರ್ಷಕ್ಕೆ ಇವತ್ತೊಂದು ದಿನ ನಮ್ಮ ಚಾಪೆಲ್ಲಿಗೆ ಸರಿಯಾದ ವಾಸನೆ ಬಂತು."

ಮೊದಲು ನಕ್ಕವರು ಪಾದ್ರಿಗಳು. ಅವರು ನಕ್ಕಮೇಲೆ ಅಪ್ಪ ಏನು ಮಾಡಿಯಾನು? ಚಿಕ್ಕಪ್ಪ ಉಳಿದ.

ಘಟ್ಟ ಇಳಿಯಬೇಕಾಗಿ ಬಂದದ್ದು ನನಗೆ. ಮರುವರ್ಷ ನನ್ನನ್ನು ಮಂಗಳೂರಿನ ಕಾನ್ವೆಂಟಿಗೆ ಸೇರಿಸಿದರು. ಮೊದಲ ರಜೆಗೆ ಬಂದಾಗ ತಿದಿಯ ಕಾಗದ ಹರಿದಿರಲಿಲ್ಲ, ವಾಸನೆಯೂ ಹೋಗಿರಲಿಲ್ಲ. ಚಿಕ್ಕಪ್ಪನನ್ನು ಮಾತ್ರ ಮಲೆನಾಡಿನ ಜ್ವರ ಒಯ್ದಿತ್ತು.

ಹಾಗಾಗಿ ನಾನು ಅವನನ್ನು ಕಡೆಯ ಸಲ ಕಂಡದ್ದು ಕಾನ್ವೆಂಟಿಗೆ ಹೊರಟ ಆ ದಿನ. ಘಟ್ಟದ ಇಳಿಜಾರು ಶುರುವಾಗುವ ದೋಣಿಗಲ್‌ವರೆಗೂ ಎತ್ತಿನ ಗಾಡಿಯ ಪಕ್ಕದಲ್ಲೇ ನಡೆದು ಬಂದಿದ್ದ. ದಾರಿಯುದ್ದಕ್ಕೂ ನನ್ನ ಅಳು ನಿಂತಿರಲಿಲ್ಲ. ಗಾಡಿ ಇಳಿಜಾರಿಗೆ ತಿರುಗಿದಾಗ ಅವನು ರಸ್ತೆಯಂಚಿನ ಮೋಟುಗೋಡೆಯ ಮೇಲೆ ಹತ್ತಿ ಕೂತ. ನಾನು ಅಳುವಿನ ನಡುವೆಯೇ ನಕ್ಕುಬಿಟ್ಟೆ. ತಿರುವಿನಲ್ಲಿ ಮರೆಯಾಗುವವರೆಗೂ ಅವನು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಎರಡೂ ಕಾಲುಗಳಿಂದ ಬರಿಯ ಗಾಳಿಯನ್ನು ತುಳಿಯುತ್ತಲೇ ಇದ್ದ.