ತಲೆಯಾಡಿಸಿದ ತಪ್ಪಿಗೆ

"ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಆಗುತ್ತದೆ ಎಂದು ಗೊತ್ತು. ಯಾಕೆ ಎಂದು ಗೊತ್ತಿಲ್ಲ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಇವತ್ತು ಕೇಳಲೇಬೇಕು."

ಬಸ್ಸಿನಲ್ಲಿ ಮಡಿಲ ಮೇಲೆ ಡೈರಿ ಇಟ್ಟುಕೊಂಡು ಅವಳು ಇಷ್ಟು ಬರೆಯುವಷ್ಟರಲ್ಲಿ ತರಬೇತಿ ಕೇಂದ್ರದ ನಿಲ್ದಾಣ ಬಂದುಬಿಟ್ಟಿತು. ಐದು ದಿನದ ತರಬೇತಿಗೆ ಅದೇ ಕೊನೆಯ ದಿನ.

ಅವಳು ಓದಿದ್ದು ಸಾಹಿತ್ಯ, ಕಲಿಸುತ್ತಿದ್ದುದು ಭಾಷೆ. ಶಾಲೆಯ ಗಣಿತದ ಮೇಷ್ಟ್ರು ವರ್ಷದ ನಡುವೆ ವರ್ಗವಾಗಿ ಹೋದಾಗ ಹೆಡ್ ಮೇಡಂ ಸ್ಟಾಫ್ ರೂಮಿಗೆ ಬಂದು, "ಯಾರು ತಗೋತೀರಾ?" ಎಂದು ಸುತ್ತ ನೋಡಿದ್ದರು. ಅನುಭವಸ್ಥರೆಲ್ಲ ಒಟ್ಟಿಗೇ ತಲೆಯೆತ್ತಿ ಫ್ಯಾನು ನೋಡಿದರು. ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿದ್ದ ಇವಳಿಗೆ ಫ್ಯಾನು ನೋಡಬೇಕೆಂದು ಹೊಳೆಯಲಿಲ್ಲ. ಹೀಗೆ ಗಣಿತ ಅವಳ ಪಾಲಿಗೆ ಬಂತು. ಸೋಮವಾರದಿಂದ ಎಂಟನೇ ತರಗತಿಯ ನಲವತ್ತೆರಡು ಮಕ್ಕಳು.

ಅವಳಿಗಿದ್ದ ಹೆದರಿಕೆ ಒಂದೇ. ತಾನು ಎಂಟನೇ ತರಗತಿಯಲ್ಲಿದ್ದಾಗ ಧೈರ್ಯ ಮಾಡಿ ಒಮ್ಮೆ "ಯಾಕೆ ಸರ್?" ಎಂದು ಕೇಳಿದ್ದಳು. "ಆಗುತ್ತೆ ಅಷ್ಟೇ, ಬರ್ಕೊ" ಎಂದಿದ್ದರು. ಆವತ್ತು ಮುಚ್ಚಿದ ಬಾಯಿ ಮತ್ತೆ ತೆರೆದಿರಲಿಲ್ಲ. ಬೇರೆ ಮಗುವಿನ ಬಾಯನ್ನು ತಾನೂ ಹಾಗೆ ಮುಚ್ಚಿಸಿಬಿಟ್ಟರೆ?

"ಗೊತ್ತಾಗದೇ ಇದ್ರೆ ಬಾಯಿ ಬಿಟ್ಟು ಕೇಳೇ," ಎಂದು ಅಮ್ಮ ಬೆಳಿಗ್ಗೆ ಡಬ್ಬಿ ಕೊಡುತ್ತ ಹೇಳಿದ್ದಳು. "ಒಂದನೇ ಕ್ಲಾಸಲ್ಲಿ ಬೇರೆ ಸೆಕ್ಷನ್ನಲ್ಲಿ ಒಂದು ವಾರ ಕೂತು ಬಂದೋಳು ನೀನು. ಕೇಳೋಕೆ ನಾಚಿಕೆಯಂತೆ!"

ತರಬೇತಿಯಲ್ಲಿ ಒಟ್ಟು ಹದಿನೈದು ಜನ. ಡ್ರಿಲ್ ಮೇಷ್ಟ್ರು, ಹೊಲಿಗೆ ಟೀಚರ್, ಡ್ರಾಯಿಂಗ್ ಮೇಷ್ಟ್ರು, ಅವಳಂತೆಯೇ ಗಣಿತ ಪಾಲಿಗೆ ಬಂದವರೇ ಎಲ್ಲ. ಎಲ್ಲರಿಗಿಂತ ಚಿಕ್ಕವಳಾದ ಅವಳಿಗೆ ಮೊದಲ ದಿನವೇ 'ಪುಟ್ಟ ಮೇಡಂ' ಎಂದು ಹೆಸರು ಬಿದ್ದಿತ್ತು.

ತರಬೇತಿ ಕೊಡುವ ಸರ್ ಬೋರ್ಡಿನ ಮೇಲೆ ಮೈನಸ್ ಮೂರು, ಮೈನಸ್ ಎರಡು ಬರೆದು, ಗುಣಿಸಿ, ಪ್ಲಸ್ ಆರು ಎಂದು ಕೆಳಗೆ ಗೆರೆ ಎಳೆದರು. "ಅರ್ಥ ಆಯ್ತಾ?"

ಅವಳ ನಾಲಿಗೆ 'ಇಲ್ಲ' ಎನ್ನಲು ಸಿದ್ಧವಾಯಿತು. ಆದರೆ ಕುತ್ತಿಗೆ ಅದಕ್ಕಿಂತ ಮೊದಲೇ ಓತಿಕ್ಯಾತದ ಹಾಗೆ ಮೇಲೆ ಕೆಳಗೆ ಆಡಿಬಿಟ್ಟಿತು. ಹುಟ್ಟಿದಾಗಿನಿಂದ ಅದರ ಚಾಳಿಯೇ ಹಾಗೆ.

"ನೋಡಿ, ಪುಟ್ಟ ಮೇಡಂಗೆ ಅರ್ಥ ಆಯ್ತು!" ಸರ್ ಮುಖ ಅರಳಿತು. "ಮುಂದೆ ಹೋಗೋಣ." ಬೋರ್ಡು ಒರೆಸಿಯೇಬಿಟ್ಟರು.

ಚಹಾದ ಹೊತ್ತಿಗೆ ಎಲ್ಲರೂ ಅವಳನ್ನು ಮುತ್ತಿಕೊಂಡರು.

"ಪುಟ್ಟ ಮೇಡಂ, ನಮಗೂ ಸ್ವಲ್ಪ ಹೇಳ್ಕೊಡಿ," ಎಂದರು ಡ್ರಿಲ್ ಮೇಷ್ಟ್ರು. ಮೈದಾನದ ಆ ತುದಿಗೂ ಕೇಳುವ ದನಿ. "ನನಗೆ ಒಂದಕ್ಷರ ತಲೆಗೆ ಹೋಗಿಲ್ಲ."

"ನನಗೂ... ಅಷ್ಟೇನೂ..." ಎಂದಳು ಅವಳು, ಲೋಟದೊಳಗೆ.

"ಕೇಳಿದ್ರಾ? ತುಂಬಿದ ಕೊಡ ತುಳುಕೋದಿಲ್ಲ!"

"ಸುಮ್ನಿರಿ ಮೇಷ್ಟ್ರೇ, ಮಗು ಹೆದರ್ಕೊಳ್ಳುತ್ತೆ," ಎಂದು ಹೊಲಿಗೆ ಟೀಚರ್ ಅವಳ ಬೆನ್ನು ಸವರಿ, ಸವರಿದ ಕೈಯಲ್ಲೇ ನೋಟ್‌ಬುಕ್ ಎಳೆದುಕೊಂಡರು. "ಕೊಡಮ್ಮಾ, ಬರ್ಕೊಂಡು ಕೊಡ್ತೀನಿ. ನಿನ್ನ ಅಕ್ಕ ಅಂದ್ಕೊ."

ನೋಟ್‌ಬುಕ್ಕು ಕೈಯಿಂದ ಕೈಗೆ ಹೋಯಿತು. ಪ್ರತಿ ಲೆಕ್ಕದ ಪಕ್ಕ ಅವಳು ತನಗಾಗಿ ಸಣ್ಣ ಅಕ್ಷರದಲ್ಲಿ 'ಯಾಕೆ?' ಎಂದು ಬರೆದುಕೊಂಡಿದ್ದಳು. ಹೊಲಿಗೆ ಟೀಚರ್ ಅದನ್ನೂ ನಕಲು ಮಾಡಿದರು. ಅವರದನ್ನು ನೋಡಿ ಬರೆದುಕೊಂಡ ಡ್ರಾಯಿಂಗ್ ಮೇಷ್ಟ್ರು 'ಯಾಕೆ?'ಗೆ ಕೆಂಪು ಶಾಯಿಯಲ್ಲಿ ಚೌಕಟ್ಟು ಹಾಕಿದರು. ಮುಖ್ಯವಾದ ಸೂತ್ರವಿರಬೇಕೆಂದು ಅವರ ಎಣಿಕೆ.

ಊಟವಾದ ಮೇಲೆ, ಸಂಜೆ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆಂದೂ ಅವರೆದುರು ಪುಟ್ಟ ಮೇಡಂ ಮಾದರಿ ಪಾಠ ಮಾಡುತ್ತಾರೆಂದೂ ಸರ್ ಸಾರಿದರು. ಅವಳು ಅವರ ಹಿಂದೆಯೇ ಓಡಿದಳು. ವರಾಂಡದಲ್ಲಿ ಅವರನ್ನು ಅಡ್ಡಗಟ್ಟಿದಳು. "ಸರ್, ನಿಮಗೆ ಒಂದು ವಿಷಯ ಹೇಳ್ಬೇಕಿತ್ತು..."

"ಏನೂ ಹೇಳ್ಬೇಡಿ ಮೇಡಂ. ನನಗೆ ಗೊತ್ತು." ಸರ್ ಕೈ ಮುಗಿದರು. "ನಿಮ್ಮ ಮುಖ ನೋಡ್ಕೊಂಡೇ ಐದು ದಿನ ಪಾಠ ಮಾಡಿದ್ದು ನಾನು. ನೀವೊಬ್ರು ತಲೆ ಆಡಿಸ್ತಿದ್ರಿ, ನನಗೆ ಅದೇ ಉಸಿರು."

ಇಂಥವರಿಗೆ ಹೇಗೆ ಹೇಳುವುದು? ಮಾತು ಬಿಸಿತುಪ್ಪವಾಯಿತು.

ಸಾಹೇಬರು ಬಂದರು, ಮುಂದಿನ ಸಾಲಿನಲ್ಲಿ ಕುರ್ಚಿ ತುಂಬ ಕೂತರು. ಅವಳು ಬೋರ್ಡಿನ ಮೇಲೆ ಅದೇ ಲೆಕ್ಕ ಬರೆದು ಇತ್ತ ತಿರುಗಿದಳು. ಬಾಯಿ ತೆರೆದಳು. ದನಿ ಹೊರಡಲಿಲ್ಲ. ಒಂದು ನಿಮಿಷವಾಯಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಆಹಾ!" ಸಾಹೇಬರು ಪಕ್ಕದವರಿಗೆ ಪಿಸುಗುಟ್ಟಿದರು. "ಯೋಚನೆ ಮಾಡೋಕೆ ಸಮಯ ಕೊಡ್ತಿದ್ದಾರೆ. ಇದು ಪಾಠದ ಕ್ರಮ ಅಂದ್ರೆ!"

ಎರಡನೇ ನಿಮಿಷಕ್ಕೆ ಅವಳ ಗಂಟಲಿನಿಂದ ಒಂದೇ ಮಾತು ತಪ್ಪಿಸಿಕೊಂಡು ಹೊರಬಿತ್ತು. "ಯಾಕೆ?"

ಡ್ರಿಲ್ ಮೇಷ್ಟ್ರು ಎದ್ದು ನಿಂತರು. "ಎರಡು ಸಲ ಹಿಂದೆ ತಿರುಗಿದ್ರೆ ಮುಖ ಮುಂದಕ್ಕೇ ಬರುತ್ತಲ್ಲ ಮೇಡಂ, ಹಾಗೆ!" ಎಂದು ತಿರುಗಿ ತೋರಿಸಿದರು. ಹೊಲಿಗೆ ಟೀಚರ್ ಬಿಡುತ್ತಾರೆಯೇ? "ರವಿಕೆ ಒಳಗಿಂದು ಹೊರಗೆ ಮಾಡಿ, ಮತ್ತೊಂದು ಸಲ ಹಾಗೇ ಮಾಡಿದ್ರೆ ಸರಿ ಮಗ್ಗುಲೇ ಬರೋದು!" ಸಾಹೇಬರು ಚಪ್ಪಾಳೆ ತಟ್ಟಿದರು. ತಿರುಗುವುದೇನೋ ಸರಿ, ಆದರೆ ತಿರುಗುವುದಕ್ಕೂ ಗುಣಿಸುವುದಕ್ಕೂ ಏನು ನಂಟು ಎಂದು ಅವಳು ಕೇಳಬೇಕೆನ್ನುವಷ್ಟರಲ್ಲಿ ಸಾಹೇಬರು, "ಎಲ್ಲರಿಗೂ ಅರ್ಥ ಆಯ್ತಲ್ಲ?" ಎಂದರು.

ಹದಿನಾಲ್ಕು ತಲೆಗಳು ಆಡಿದವು.

ಬೋರ್ಡಿನ ಕಡೆಯಿಂದ ಅವಳು ಅದನ್ನು ಗಮನವಿಟ್ಟು ನೋಡಿದ್ದು ಅದೇ ಮೊದಲು. ಅರ್ಥವಾದ ತಲೆ, ಆಗದ ತಲೆ ಎಂದು ಗುರುತಿಸಲು ಅಲ್ಲಿ ಏನೂ ಇರಲಿಲ್ಲ. ತನ್ನ ಭಾಷೆಯ ತರಗತಿಯಲ್ಲೂ ಮುಂದಿನ ಬೆಂಚಿನ ಎರಡು ತಲೆ ನೋಡಿಕೊಂಡೇ ತಾನು ಪಾಠ ಮುಗಿಸುತ್ತಿದ್ದುದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

ಸಾಹೇಬರು ಅಲ್ಲೇ ಕಾಗದ ತರಿಸಿ ಸಹಿ ಹಾಕಿದರು. ಮುಂದಿನ ತಿಂಗಳಿನಿಂದ ಈ ತರಬೇತಿ ಕೊಡುವವರು ಪುಟ್ಟ ಮೇಡಂ. "ಎಂಟನೇ ಕ್ಲಾಸೂ ಇರ್ಲಿ, ಇದೂ ಇರ್ಲಿ. ಬರೆದದ್ದು ಬರೆದಾಯ್ತು," ಎಂದು ಅವರು ಜೀಪು ಹತ್ತಿದರು.

ಉಳಿದವರು ಪ್ರಮಾಣಪತ್ರ ಮಡಿಸಿಕೊಂಡು ಬ್ಯಾಗು ಹುಡುಕತೊಡಗಿದರು. ಸರ್ ಅವಳ ಬಳಿ ಬಂದರು. ಐದು ದಿನದಲ್ಲಿ ಅವರ ಮುಖ ಅಷ್ಟು ಹಗುರವಾಗಿದ್ದನ್ನು ಅವಳು ನೋಡಿರಲಿಲ್ಲ.

"ಸದ್ಯ, ಬಿಡುಗಡೆ ಆಯ್ತು ಮೇಡಂ. ಇನ್ನು ನನ್ನ ಚರಿತ್ರೆ, ನನ್ನ ಮಕ್ಕಳು."

"ಚರಿತ್ರೆನಾ ಸರ್?"

"ಹೂಂ, ನಾನು ಚರಿತ್ರೆ ಮೇಷ್ಟ್ರು. ಹೋದ ವರ್ಷ ಇದೇ ರೂಮಲ್ಲಿ ಕಲಿಯೋಕೆ ಕೂತಿದ್ದೆ. ಅರ್ಥ ಆಯ್ತಾ ಅಂದ್ರು. ದಾಕ್ಷಿಣ್ಯಕ್ಕೆ ಹೂಂ ಅಂದೆ. ಸಂಜೆ ಹೀಗೇ ಆರ್ಡರ್ ಕೈಗೆ ಬಂತು."

"ಹಾಗಾದ್ರೆ ಸರ್, ಆ ಮೈನಸ್ಸು..."

ಸರ್ ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ನಾನೂ ಅದನ್ನೇ ಕೇಳೋಣ ಅಂತ ಬಂದೆ. ನಿಮಗೆ ಗೊತ್ತಿದೆಯಲ್ಲ, ಒಂದೇ ಒಂದ್ಸಲ ನನಗೆ ಹೇಳಿಬಿಡಿ ಮೇಡಂ. ವರ್ಷದಿಂದ ಹೇಳ್ಕೊಡ್ತಾ ಬಂದಿದ್ದೀನಿ. ಯಾರನ್ನ ಕೇಳೋದು?"

ಅವರ ಕಣ್ಣಲ್ಲಿ ತಮಾಷೆ ಇರಲಿಲ್ಲ. ಡ್ರಿಲ್ ಮೇಷ್ಟ್ರು ಆಗಲೇ ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದರು. ಹದಿನಾಲ್ಕು ಜನ ಹದಿನಾಲ್ಕು ಶಾಲೆಗೆ ಹೋಗುತ್ತಾರೆ. ಸೋಮವಾರ ಎಷ್ಟು ಮಕ್ಕಳು ತಲೆಯಾಡಿಸುತ್ತಾರೋ ಎಂದು ಅವಳು ಲೆಕ್ಕ ಹಾಕಲು ಹೋದಳು. ಆ ಗುಣಾಕಾರವೂ ಅವಳಿಗೆ ಬರಲಿಲ್ಲ.

"ಯಾರೂ ಹೋಗ್ಬೇಡಿ!"

ಅಷ್ಟು ದೊಡ್ಡ ದನಿ ತನ್ನದೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಎಲ್ಲರೂ ನಿಂತಲ್ಲೇ ನಿಂತು ತಿರುಗಿ ನೋಡಿದರು. ಕೈಯಲ್ಲಿದ್ದ ಆರ್ಡರಿನ ಕಾಗದವನ್ನು ಅವಳು ಮೇಜಿನ ಮೇಲಿಟ್ಟಳು. ಕುತ್ತಿಗೆ, ಜೀವಮಾನದಲ್ಲಿ ಮೊದಲ ಬಾರಿಗೆ, ಅಲ್ಲಾಡದೆ ನಿಂತಿತ್ತು.

"ನನಗೆ ಗೊತ್ತಿಲ್ಲ," ಎಂದಳು ಅವಳು.