ಶಾಲಾ ಬೋರ್ಡಿಗೆ ನಾನು ನಿಂತದ್ದು

ಬೋರ್ಡ್ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಕಾರ್ಯದರ್ಶಿಯಾಗಿದ್ದವನು ನಾನು. ನೀರಿನ ಮೋಟಾರಿನಿಂದ ಹಿಡಿದು ಗಣೇಶೋತ್ಸವದ ಆರ್ಕೆಸ್ಟ್ರಾವರೆಗೆ ಎಲ್ಲದಕ್ಕೂ ನನ್ನ ಅಪ್ಪಣೆಯೇ ಆಗಬೇಕಿತ್ತು. ಹಾಗಾಗಿ ನಮ್ಮ ಬ್ಯಾಂಕು ನನ್ನನ್ನು ನೈರೋಬಿಗೆ ಕಳಿಸಿದ ಮರುವರ್ಷ, ಮಗಳು ಅದಿತಿಯ ಶಾಲೆಯ ಆಡಳಿತ ಬೋರ್ಡಿಗೆ ಪೋಷಕರ ಪ್ರತಿನಿಧಿಯನ್ನು ಆರಿಸುತ್ತಾರೆಂದು ಗೊತ್ತಾದಾಗ, ಅಂತೂ ಆ ಶಾಲೆಯ ಅದೃಷ್ಟ ಖುಲಾಯಿಸಿತು ಎಂದುಕೊಂಡೆ.

"ರೀ, ಆ ಬೋರ್ಡು ಏನ್ ಕೆಲ್ಸ ಮಾಡತ್ತೆ ಅಂತ ಯಾರನ್ನಾದ್ರೂ ಕೇಳಿದ್ರಾ?" ಎಂದಳು ಸುಧಾ. ನನ್ನ ಹೆಂಡತಿ ಹರ್ಲಿಂಗ್‌ಹ್ಯಾಮಿನ ಕ್ಲಿನಿಕ್ಕಿನಲ್ಲಿ ಡಾಕ್ಟರು. ಪರೀಕ್ಷೆ ಮಾಡದೆ ಒಂದು ಮಾತ್ರೆಯನ್ನೂ ಬರೆದುಕೊಡುವವಳಲ್ಲ.

"ಬೋರ್ಡ್ ಅಂದ್ಮೇಲೆ ಎಲ್ಲಾ ಮಾಡತ್ತೆ ಕಣೇ."

"ಹಾಗಾದ್ರೆ ಬಸ್ಸಿನ ವಿಷ್ಯ?"

"ಅದಕ್ಯಾಕೆ ಬೋರ್ಡು? ಡ್ರೈವರ್ ಹತ್ರ ನಾನೇ ಮಾತಾಡ್ತಿದೀನಲ್ಲ."

ನಮ್ಮ ನಿಜವಾದ ಸಂಕಟ ಆ ಬಸ್ಸೇ. ಕಿಲೆಲೆಶ್ವಾದ ನಮ್ಮ ಗಲ್ಲಿಯೊಳಗೆ ಬರುತ್ತಿದ್ದ ಶಾಲಾ ಬಸ್ಸು ಆ ಟರ್ಮಿನಿಂದ ಬರುವುದನ್ನು ನಿಲ್ಲಿಸಿತ್ತು. ಇನ್ನೂ ಕತ್ತಲಿರುವಾಗಲೇ ಮಕ್ಕಳು ಮುಖ್ಯರಸ್ತೆಗೆ ನಡೆದು, ಮಟಾಟು ಎಂಬ ಬಾಡಿಗೆ ವ್ಯಾನುಗಳು ಮೈಮೇಲೇ ಬರುವಂತೆ ನುಗ್ಗುವ ಜಾಗದಲ್ಲಿ ಕಾಯಬೇಕಿತ್ತು. ಎಂಟು ವರ್ಷದ ಅದಿತಿಯ ಕೈಯನ್ನು ಬಸ್ಸು ಬರುವವರೆಗೆ ನಾನು ಬಿಡುತ್ತಿರಲಿಲ್ಲ. ಅದಕ್ಕೇ ದಿನಾ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಒಯ್ದು ಡ್ರೈವರ್ ಕಮಾವುಗೆ ಕೊಟ್ಟು, ಗಲ್ಲಿಯೊಳಗೆ ಬಾ ಮಾರಾಯ ಎಂದು ಅಂಗಲಾಚುತ್ತಿದ್ದೆ. ಅವನು ಕಾಫಿ ಕುಡಿದು, "ಸವಾ, ಸವಾ" ಎನ್ನುತ್ತಿದ್ದ. ಆಯಿತು, ಆಯಿತು ಎಂದರ್ಥ. ಕಾಫಿ ಹೋಗುತ್ತಿತ್ತು, ಬಸ್ಸು ಬರುತ್ತಿರಲಿಲ್ಲ!

ಇತ್ತ ನನ್ನ ಚುನಾವಣಾ ಪ್ರಚಾರ ಭರದಿಂದ ಆರಂಭವಾಯಿತು. ಭಾನುವಾರ ಗಲ್ಲಿಯ ಪೋಷಕರನ್ನೆಲ್ಲ ಮನೆಗೆ ಕರೆದು ಮಸಾಲೆದೋಸೆ ಹಾಕಿಸಿದೆ. ಹಾಕಿದವಳು ಸುಧಾ, ಭಾಷಣ ನನ್ನದು. ಎದುರುಮನೆಯ ಒಟಿಯೆನೊ, ಹೋಮ್‌ವರ್ಕ್ ಜಾಸ್ತಿಯಾಯಿತು ಎಂದರು. ಕಡಿಮೆ ಮಾಡಿಸುತ್ತೇನೆ ಎಂದೆ. ಗುಜರಾತಿ ದಂಪತಿ, ಊಟದಲ್ಲಿ ಮೊಟ್ಟೆ ಬೇಡ ಎಂದರು. ತೆಗೆಸುತ್ತೇನೆ ಎಂದೆ. ಯಾರೋ ಮಗನಿಗೆ ಗಣಿತದಲ್ಲಿ ಅಂಕ ಸಾಲದು ಎಂದು ಪೇಚಾಡಿದರು. ಅದನ್ನೂ ನೋಡೋಣ ಎಂದುಬಿಟ್ಟೆ!

"ಇದೆಲ್ಲ ಬೋರ್ಡಿನ ಕೆಲಸವೇ?" ಎಂದು ಮೇಲಿನ ಮನೆಯ ವಂಬೂಯಿ ಕೇಳಿದರು. ಆಕೆ ವಕೀಲೆ. ಅವರೂ ಚುನಾವಣೆಗೆ ನಿಂತಿದ್ದರು. ನಾನು ನಕ್ಕು ಅವರ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ.

ಎಲ್ಲರೂ ಹೋದ ಮೇಲೆ ಅದಿತಿ ಹೇಳಿದಳು. "ಅಪ್ಪಾ, ದ ಬೋರ್ಡ್ ಡಸಂಟ್ ಗಿವ್ ಹೋಮ್‌ವರ್ಕ್. ಟೀಚರ್ ಗಿವ್ಸ್."

ಚಿಕ್ಕವಳು, ಆಡಳಿತದ ಒಳಮರ್ಮ ತಿಳಿಯದು ಎಂದು ತಲೆ ಸವರಿದೆ.

ಚುನಾವಣೆಯ ದಿನ ಸಭಾಂಗಣ ತುಂಬಿತ್ತು. ಬೋರ್ಡಿನ ಅಧ್ಯಕ್ಷರು ಎದ್ದು ನಿಂತು, ಓಟು ಹಾಕುವ ಮೊದಲು ಯಾವ ಕೆಲಸಕ್ಕೆ ಹಾಕುತ್ತಿದ್ದೀರಿ ಎಂದು ತಿಳಿದಿರಲಿ ಎಂದರು. ಹೋಮ್‌ವರ್ಕ್ ಶಿಕ್ಷಕರಿಗೆ ಬಿಟ್ಟದ್ದು ಎಂದಾಗ ಒಟಿಯೆನೊ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಊಟದ ಪಟ್ಟಿಯನ್ನು ಮುಖ್ಯೋಪಾಧ್ಯಾಯಿನಿಯೇ ನಿರ್ಧರಿಸುತ್ತಾರೆ ಎಂದಾಗ ಗುಜರಾತಿ ದಂಪತಿ ಹಿಂದಕ್ಕೆ ತಿರುಗಿದರು. ಅಂಕದ ವಿಷಯ ಬರುವಷ್ಟರಲ್ಲಿ ನಾನು ಚಪ್ಪಲಿಯ ಬಾರು ಸರಿಮಾಡಿಕೊಳ್ಳುವ ನೆಪದಲ್ಲಿ ಬೆಂಚಿನ ಕೆಳಗಿದ್ದೆ.

"ಬೋರ್ಡು ನೋಡಿಕೊಳ್ಳುವುದು ಕಟ್ಟಡ, ಮಕ್ಕಳ ಸುರಕ್ಷತೆ, ಬಸ್ಸಿನ ದಾರಿ" ಎಂದರು ಅಧ್ಯಕ್ಷರು.

ಬಸ್ಸಿನ ದಾರಿ! ನಾನು ಆಶ್ವಾಸನೆ ಕೊಡದೆ ಬಿಟ್ಟಿದ್ದು ಅದೊಂದನ್ನೇ. ಈಗ ನಿಜಕ್ಕೂ ಗೆಲ್ಲಲೇಬೇಕು ಎನ್ನಿಸಿತು. ಅಷ್ಟರಲ್ಲಿ ನನ್ನ ಹೆಸರು ಕರೆದು, "ಮಿಸ್ಟರ್ ರಾವ್, ನಿಮಗೆ ಒಪ್ಪಿಗೆಯೇ?" ಎಂದು ಕೇಳಿದರು.

ನಮ್ಮ ಕಡೆ ಒಂದು ಮರ್ಯಾದೆ ಇದೆ. ಪದವಿ ಎದುರಿಗೆ ಬಂದಾಗ ಗಬಕ್ಕನೆ ಬಾಯಿ ಹಾಕಬಾರದು. ಮೊದಲು ಬೇಡ ಎನ್ನಬೇಕು, ನಾಲ್ಕು ಜನ ಬಲವಂತ ಮಾಡಬೇಕು, ಆಮೇಲೆ ನಿಮ್ಮ ಪ್ರೀತಿಗೆ ಕಟ್ಟುಬಿದ್ದೆ ಎಂದು ಒಪ್ಪಬೇಕು. ಸಂಘದಲ್ಲಿ ನಾನು ಪ್ರತಿಸಲ ಆರಿಸಿಬಂದಿದ್ದೇ ಹೀಗೆ. ಎದ್ದು ಕೈಮುಗಿದು, "ನನಗಿಂತ ಯೋಗ್ಯರು ಇಲ್ಲಿ ಬಹಳ ಜನ ಇದ್ದಾರೆ" ಎಂದು ಇಂಗ್ಲಿಷಿನಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಂಡು, ಬಲವಂತಕ್ಕಾಗಿ ಕಾದೆ.

"ಅಸಾಂಟೆ, ಮಿಸ್ಟರ್ ರಾವ್" ಎಂದು ಅಧ್ಯಕ್ಷರು ಧನ್ಯವಾದ ಹೇಳಿ, ಹಲಗೆಯ ಮೇಲಿದ್ದ ನನ್ನ ಹೆಸರನ್ನು ಒರೆಸಿಹಾಕಿದರು. ಸಭೆ ಚಪ್ಪಾಳೆ ತಟ್ಟಿತು. ಸುಧಾ ಹಣೆ ಚಚ್ಚಿಕೊಂಡಳು.

ಉಳಿದವರು ವಂಬೂಯಿ ಮತ್ತು ಟೈ ಕಟ್ಟಿದ್ದ ಒಬ್ಬ ಮಹನೀಯರು. ಹೋದದ್ದು ಹೋಯಿತು, ಬಸ್ಸನ್ನಾದರೂ ಉಳಿಸಿಕೊಳ್ಳೋಣ ಎಂದು ಮತ್ತೆ ಎದ್ದೆ. ನಿಂತುಹೋದ ಬಸ್ಸನ್ನು ಗಲ್ಲಿಯೊಳಗೆ ತರಿಸಲು ನೀವಿಬ್ಬರೂ ಏನು ಮಾಡುತ್ತೀರಿ ಎಂದು ಕೇಳಿದೆ.

"ಡ್ರೈವರ್ ಹತ್ತಿರ ಮಾತಾಡುತ್ತೇನೆ" ಎಂದರು ಟೈನವರು.

"ಸ್ವಾಮಿ, ಆ ಪ್ರಯೋಗ ನಾನು ಮಾಡಿದ್ದೇನೆ. ಅವನಿಗೆ ಕಾಫಿ ಅಭ್ಯಾಸವಾಯಿತು, ಅಷ್ಟೇ" ಎಂದೆ. ಸಭೆಯೆಲ್ಲ ನಕ್ಕಿತು. ವಂಬೂಯಿ ನಗಲಿಲ್ಲ. ಮಕ್ಕಳ ಸುರಕ್ಷತೆಯ ಪ್ರಶ್ನೆಯೆಂದು ಮೊದಲ ಸಭೆಯಲ್ಲೇ ಬೋರ್ಡಿನ ಮುಂದಿಡುತ್ತೇನೆ, ಉತ್ತರ ಸಿಗುವವರೆಗೆ ಏಳುವುದಿಲ್ಲ ಎಂದರು. ಅವರ ಹೆಸರಿಗೆ ಕೈ ಎತ್ತಿ ಎಂದಾಗ ನಾನು ಎರಡೂ ಕೈ ಎತ್ತಿದೆ. ಒಂದು ಸಾಕು ಎಂದು ಸುಧಾ ಇಳಿಸಿದಳು. ನಮ್ಮ ಗಲ್ಲಿಗೆ ಗಲ್ಲಿಯೇ ಕೈ ಎತ್ತಿತು. ವಂಬೂಯಿ ಭರ್ಜರಿಯಾಗಿ ಗೆದ್ದರು! ಯಾವುದಕ್ಕೆ ಓಟು ಹಾಕುತ್ತಿದ್ದೇನೆಂದು ತಿಳಿದು ಓಟು ಹಾಕಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಗೆದ್ದವರಿಗಿಂತ ನನಗೇ ಹೆಚ್ಚು ಖುಷಿಯಾಗಿತ್ತು.

ವಂಬೂಯಿ ಮಾತು ಉಳಿಸಿಕೊಂಡರು. ಬೋರ್ಡು ಒಪ್ಪಿತು, ಒಂದು ಷರತ್ತಿನ ಮೇಲೆ. ಗಲ್ಲಿಯ ತುದಿಯಲ್ಲಿ ಬಸ್ಸು ರಿವರ್ಸ್ ತೆಗೆದುಕೊಳ್ಳುವಾಗ ಪೋಷಕರೊಬ್ಬರು ಹಿಂದೆ ನಿಂತು ದಾರಿ ತೋರಿಸಬೇಕು. ಪೋಷಕರೆಲ್ಲ ಸೇರಿದಾಗ ವಂಬೂಯಿ ನನ್ನ ಹೆಸರನ್ನೇ ಸೂಚಿಸಿದರು. ಜುಲೈ ತಿಂಗಳ ನೈರೋಬಿ ಚಳಿ, ಅದರಲ್ಲೂ ಸೂರ್ಯ ಹುಟ್ಟುವ ಮೊದಲು! ಈ ಸಲ ಅಂತರಾಳದಿಂದಲೇ, "ಬೇಡಿ, ನನಗಿಂತ ಯೋಗ್ಯರು ಬಹಳ ಜನ ಇದ್ದಾರೆ" ಎಂದೆ.

ವಂಬೂಯಿ ನಕ್ಕರು. "ಇಲ್ಲ ಮಿಸ್ಟರ್ ರಾವ್, ಈ ಸಲ ನಾವು ತಪ್ಪು ಮಾಡುವುದಿಲ್ಲ. ನೀವು ಬೇಡ ಅಂದರೆ ಬಲವಂತ ಮಾಡಬೇಕಂತೆ. ಸುಧಾ ಎಲ್ಲ ಹೇಳಿದ್ದಾರೆ."

ನಾಲ್ಕಲ್ಲ, ಗಲ್ಲಿಯವರೆಲ್ಲ ಬಲವಂತ ಮಾಡಿದರು. ಸರ್ವಾನುಮತದಿಂದ ಆರಿಸಿಬಂದೆ.

ಈಗ ಬಸ್ಸು ಗೇಟಿಗೇ ಬರುತ್ತದೆ. ಅದಿತಿ ಬೆಚ್ಚಗೆ ಹತ್ತಿ ಕೂರುತ್ತಾಳೆ. ಮಂಕಿ ಕ್ಯಾಪ್ ಹಾಕಿಕೊಂಡು ಬಸ್ಸಿನ ಹಿಂದೆ ನಿಂತು, "ಬರ್ಲಿ, ಬರ್ಲಿ, ಬರ್ಲಿ, ಹಾ, ಸಾಕು" ಎಂದು ನಾನು ಕೂಗುತ್ತೇನೆ. ಶಾಲಾ ಬೋರ್ಡಿನ ಕೈಯಲ್ಲಿ ಏನೇನಿದೆ ಎಂದು ಈಗ ಯಾರು ಬೇಕಾದರೂ ನನ್ನನ್ನು ಕೇಳಬಹುದು. ಕಟ್ಟಡ, ಸುರಕ್ಷತೆ, ಬಸ್ಸಿನ ದಾರಿ, ಮತ್ತು ನಾನು.